ಏರಿನ ಕೆಮ್ಮು

ಸೋಮವಾರ ಬೆಳಿಗ್ಗೆ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಸಿದ್ದಬಸಪ್ಪನವರ ಹಳೆಯ ಫಿಯೆಟ್ ಮತ್ತೆ ಕೆಮ್ಮಿತು. ಮೊದಲು ಒಂದು ಸಣ್ಣ ಬಿಕ್ಕಳಿಕೆ, ಆಮೇಲೆ ಮೈಯೆಲ್ಲ ನಡುಕ, ಆಮೇಲೆ ಮೌನ. ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, "ತಾತಾ, ಮ್ಯೂಸಿಯಂ ಈ ಕಡೆ ಅಲ್ಲ, ಕಬ್ಬನ್ ಪಾರ್ಕ್ ಹತ್ರ!" ಎಂದು ಹೇಳಿ ಹೋದ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ರುದ್ರಾಣಿ ಹೂವಿನ ಬುಟ್ಟಿಯನ್ನು ಮಡಿಲಿಗೆ ಒತ್ತಿಕೊಂಡು, "ಬಸವಣ್ಣ ಎಲ್ಲಿಗೂ ಎದ್ದು ಹೋಗಲ್ಲ ಬನ್ನಿ, ನಡ್ಕೊಂಡೇ ಹೋಗೋಣ" ಎಂದರು.

ಸಿದ್ದಬಸಪ್ಪನವರ ಚಿಂತೆ ದೇವಸ್ಥಾನದ್ದಲ್ಲ, ಬರುವ ಶನಿವಾರದ್ದು. ಮಗ ಶಶಿಕಿರಣ್ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾತಾಡಿದ್ದ. ಇಂಜಿನ್ ಕಿತ್ತು ಕರೆಂಟಿನ ಮೋಟಾರು, ಬ್ಯಾಟರಿ ಕೂರಿಸುತ್ತಾರೆ. "ಬಾಡಿ ತಾತಂದೇ ಇರತ್ತಪ್ಪಾ. ಕೆಮ್ಮು ಮಾತ್ರ ಹೋಗತ್ತೆ" ಎಂದಿದ್ದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಳೆದ ತಿಂಗಳು ಇದೇ ಏರಿನಲ್ಲಿ ನಿಂತ ಕಾರಿನ ಬೆನ್ನಿಗೆ ಬಿಎಂಟಿಸಿ ಬಸ್ಸೊಂದು ಕೂದಲೆಳೆಯಷ್ಟು ದೂರದಲ್ಲಿ ಬ್ರೇಕ್ ಹಾಕಿತ್ತು. ಆ ದಿನ ಹಿಂದಿನ ಸೀಟಿನಲ್ಲಿ ಅವನೂ ಇದ್ದ. ಕೊನೆಗೆ ಅಪ್ಪ ಮಗನ ನಡುವೆ ಒಪ್ಪಂದವಾಯಿತು. ಶನಿವಾರದೊಳಗೆ ಕಾರು ಆ ಏರನ್ನು ನಿಲ್ಲದೆ ಹತ್ತಿದರೆ ಇಂಜಿನ್ ಉಳಿಯುತ್ತದೆ. ಇಲ್ಲದಿದ್ದರೆ ಅಪ್ಪನೇ ತಮ್ಮ ಕೈಯಾರೆ ಕೀಲಿ ಕೊಡಬೇಕು. ಚಿಕ್ಕಪೇಟೆಯಲ್ಲಿ ಜೀವನವಿಡೀ ಜವಳಿ ವ್ಯಾಪಾರ ಮಾಡಿದ ಸಿದ್ದಬಸಪ್ಪನವರು ಕೊಟ್ಟ ಮಾತು ಹಿಂತೆಗೆದುಕೊಳ್ಳುವವರಲ್ಲ.

ಆದರೆ ಆ ಇಂಜಿನ್ನಿನ ವಿಷಯವೇ ಬೇರೆ. ಅವರ ತಂದೆ ಪ್ರತಿದಿನ ನಸುಕಿನಲ್ಲಿ ಚಾಮರಾಜಪೇಟೆಯ ಮನೆಯಿಂದ ಅಂಗಡಿಗೆ ಇದೇ ಕಾರಿನಲ್ಲಿ ಹೋಗುತ್ತ, ಸ್ಟಿಯರಿಂಗ್ ಹಿಡಿದುಕೊಂಡೇ ವಚನ ಹೇಳುತ್ತಿದ್ದರು. ಹಾರ್ಮೋನಿಯಂ ಇಲ್ಲ, ತಂಬೂರಿ ಇಲ್ಲ. ಇಂಜಿನ್ನಿನ ಗುಂಯ್ ಎನ್ನುವ ನಾದವೇ ಶ್ರುತಿ. ಪಕ್ಕದಲ್ಲಿ ಕೂತ ಹುಡುಗ ಸಿದ್ದಬಸಪ್ಪ ವಚನ ಕಲಿತದ್ದು ಅದರ ಮೇಲೆಯೇ. ತಂದೆಯ ದನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಆ ದನಿ ಆತುಕೊಂಡಿದ್ದ ಶ್ರುತಿಯೊಂದು ಬಾನೆಟ್ಟಿನ ಕೆಳಗೆ ಉಳಿದಿತ್ತು, ಅಷ್ಟೆ.

ಮರುದಿನ ಮಲ್ಲೇಶ್ವರದಿಂದ ಗೆಳೆಯ ವರದರಾಜ ಬಂದರು. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ಬಳಿಯೂ ಒಂದು ಹಳೆಯ ಕಾರಿದೆ, ಆದ್ದರಿಂದ ಮೆಟ್ರೋದಲ್ಲೇ ಓಡಾಡುತ್ತಾರೆ. ಬಟ್ಟೆ ಚೀಲದಿಂದ ಸ್ಪ್ಯಾನರುಗಳನ್ನು ಒಂದೊಂದಾಗಿ ತೆಗೆದು ಜಗಲಿಯ ಮೇಲೆ ಜೋಡಿಸಿದರು.

"ಏನೋ ಶಿವಭಕ್ತ, ನಿನ್ನ ನಂದಿ ಮಲಗಿಬಿಡ್ತಂತೆ?"

"ನಿನ್ನ ಗರುಡ ಶೆಡ್ ಬಿಟ್ಟು ಹಾರಿ ಎಷ್ಟು ವರ್ಷ ಆಯ್ತು ಅದನ್ನ ಹೇಳು ಮೊದ್ಲು."

ವರದರಾಜ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರು. ಸುಟ್ಟ ಬಣ್ಣ ಸರಿಯಾಗಿತ್ತು. ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿ ನಡುವಿನ ಸಂದನ್ನು ಹೊಂದಿಸಿದರು. ಕಾರು ಸಮತಟ್ಟಾದ ರಸ್ತೆಯಲ್ಲಿ ಬೆಣ್ಣೆಯಂತೆ ಓಡಿತು. ಏರು ಬಂದ ಕೂಡಲೆ ಕೆಮ್ಮಿತು. ಮಾರನೆಯ ದಿನ ಅವರು ಪೆಟ್ರೋಲನ್ನು ಬೈಯಲು ಶುರು ಮಾಡಿದರು.

"ಯುಗಾದಿ ಊಟಕ್ಕೆ ಬಂದಾಗ್ಲೇ ಹೇಳಿದ್ನೋ ಇಲ್ವೋ? ಈಗಿನ ಪೆಟ್ರೋಲಲ್ಲಿ ಐದರಲ್ಲೊಂದು ಪಾಲು ಕಬ್ಬಿನ ಸಾರಾಯಿ ಕಣೋ. ಹಳೇ ರಬ್ಬರ್ ಪೈಪ್‌ಗಳನ್ನ ತಿಂದು ಹಾಕತ್ತೆ. ನಿನ್ನ ಕಾರು ಕುಡಿಯೋದು ಕಲ್ತಿದೆ!"

ಕಾಫಿ ತಂದ ರುದ್ರಾಣಿ ಲೋಟವನ್ನು ಸ್ವಲ್ಪ ಸಪ್ಪಳವಾಗುವಂತೆಯೇ ಇಟ್ಟರು. "ಆ ಮಾತು ಬಿಡಿ ವರದಣ್ಣ. ದೇವಸ್ಥಾನಕ್ಕೆ ಹೋಗೋ ಗಾಡಿ."

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಪೈಪು ಬಂತು. ಪಂಪು ಬಿಸಿಯಾಗಿ ಪೆಟ್ರೋಲು ಆವಿಯಾಗುತ್ತಿರಬಹುದೆಂದು ಅದರ ಮೇಲೆ ಒದ್ದೆ ಬಟ್ಟೆ ಕೂತಿತು. ಏರಿನಲ್ಲಿ ಕೆಮ್ಮು ಮಾತ್ರ ಹಾಗೆಯೇ ಇತ್ತು.

ಶುಕ್ರವಾರ ವರದರಾಜ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡರು. "ಕಾರ್ಬ್ಯುರೇಟರೇ ಸವೆದಿದೆ ಅನ್ಸತ್ತೆ. ಅದು ಈಗ ಎಲ್ಲಿ ಸಿಗ್ಬೇಕು? ಒಪ್ಕೊಂಡುಬಿಡು ಮಾರಾಯ."

ಸಿದ್ದಬಸಪ್ಪ ಕಾರನ್ನು ಶೆಡ್ಡಿಗೆ ಸೇರಿಸಲು ಹೊರಟರು. ಶೆಡ್ಡು ರಸ್ತೆಗಿಂತ ಎತ್ತರ. ಮುಂದೆ ಕಲ್ಲುಚಪ್ಪಡಿಯ ಕಡಿದಾದ ಇಳಿಜಾರು. ತಂದೆಯ ಕಾಲದಿಂದಲೂ ಕಾರು ಹಿಮ್ಮುಖವಾಗಿಯೇ ಅದನ್ನು ಹತ್ತುವುದು ರೂಢಿ; ಬೆಳಿಗ್ಗೆ ಹೊರಡುವಾಗ ನಂದಿಯ ಮುಖ ಬೀದಿಗಿರಬೇಕು. ಅವರು ಎಂದಿನಂತೆ ರಿವರ್ಸ್ ಹಾಕಿದರು. ಕಾರು ಗುಂಯ್ ಎಂದು ಒಂದೇ ಉಸಿರಿನಲ್ಲಿ ಹತ್ತಿತು.

ಅವರು ಅಲ್ಲೇ ಕೂತು ಕಿವಿಗೊಟ್ಟರು. ಒಂದು ಸಾಲನ್ನು ಎಷ್ಟೋ ಸಲ ಕೇಳಿ, ಹೇಳುವವನು ಎಲ್ಲಿ ಎಡವುತ್ತಾನೆಂದು ಬಲ್ಲವರ ಕಿವಿ ಅದು. ಎಡವುವ ಜಾಗ ಗೊತ್ತು. ಎಡವದ ಜಾಗವನ್ನು ಇದುವರೆಗೆ ಅವರು ಕೇಳಿಸಿಕೊಂಡಿರಲಿಲ್ಲ.

"ವರದಾ, ಇದೂ ಏರೇ ಅಲ್ವೇನೋ? ರಿವರ್ಸಲ್ಲಿ ಇದು ಯಾವತ್ತೂ ಕೆಮ್ಮಿಲ್ಲ."

ವರದರಾಜ ಚೀಲವನ್ನು ಕೆಳಗಿಟ್ಟರು. "ಇನ್ನೊಂದ್ಸಲ ಹೇಳು?"

ಕಾರನ್ನು ಇಳಿಸಿ, ತಿರುಗಿಸಿ, ಮೂತಿ ಮೇಲಾಗಿ ಚಪ್ಪಡಿಗೆ ಹತ್ತಿಸಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಹಿಡಿದರು. ತುಸು ಹೊತ್ತಿಗೆ ಬಿಕ್ಕಳಿಕೆ, ನಡುಕ, ಮೌನ. ಮತ್ತೆ ಮೂತಿ ಕೆಳಗಾಗಿ ನಿಲ್ಲಿಸಿದರು. ಎಷ್ಟು ಒತ್ತಿದರೂ ನಾದ ಕಡಿಯಲಿಲ್ಲ.

"ಅದೇ ಇಂಜಿನ್, ಅದೇ ಕಿಡಿ. ವಾಲೋದು ಮಾತ್ರ ಬೇರೆ" ಎಂದು ವರದರಾಜ ತಲೆ ಕೆರೆದುಕೊಂಡರು. "ಮೂತಿ ಮೇಲಾದ್ರೆ ಟ್ಯಾಂಕಲ್ಲಿರೋದೆಲ್ಲ ಹಿಂದಕ್ಕೆ ಜಾರತ್ತೆ. ಪೆಟ್ರೋಲ್ ಎಳೆಯೋ ಪೈಪಿನ ಬಾಯಿ ಇರೋದೂ ಹಿಂದೇನೇ. ಅಲ್ಲೇನೋ ಕೂತಿದೆ ಕಣೋ. ನಾವು ಇಷ್ಟು ದಿನ ಹೊಟ್ಟೆನೋವಿಗೆ ತಲೆಗೆ ಎಣ್ಣೆ ಹಚ್ತಿದ್ವಿ!"

ಟ್ಯಾಂಕಿನ ತಳದ ತಿರುಪನ್ನು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಇಳಿಸಿದರು. ಶಶಿಕಿರಣ್ ಕೂಡ ಅಷ್ಟರಲ್ಲಿ ಆಫೀಸಿನಿಂದ ಬಂದು ನಿಂತಿದ್ದ. ಬಾಟಲಿಯಲ್ಲಿದ್ದುದು ಕಣ್ಣೆದುರೇ ಎರಡು ಪದರವಾಯಿತು. ಮೇಲೆ ತಿಳಿಯಾದ ಪೆಟ್ರೋಲು, ಕೆಳಗೆ ಮಬ್ಬು ನೀರು, ನೀರಿನ ತಳದಲ್ಲಿ ನುಣ್ಣಗಿನ ಬೂದು ಬಣ್ಣದ ಗಸಿ.

"ಬಂಕಿನವರ ಮೋಸ ಇದು!" ಎಂದು ಶಶಿಕಿರಣ್ ಫೋನ್ ತೆಗೆದ. "ಫೋಟೋ ಹಾಕಿ ಕಂಪ್ಲೇಂಟ್ ಮಾಡ್ತೀನಿ ನೋಡಿ."

ಆಗ ರುದ್ರಾಣಿ ಹೊರಗೆ ಬಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು.

"ಪಾದೋದಕಾನ ಯಾಕ್ರೀ ಬಾಟ್ಲಿಗೆ ತುಂಬಿದೀರಾ?"

ಶಶಿಕಿರಣನ ಕೈಯಲ್ಲಿ ಫೋನು ಮೇಲಕ್ಕೆ ಹಿಡಿದಂತೆಯೇ ಇತ್ತು.

"ನೋಡಿ, ವಿಭೂತಿ ತಳಕ್ಕೆ ಕೂತಿದೆ. ದಿನಾ ಲಿಂಗಕ್ಕೆ ಹಚ್ಚೋಳು ನಾನು, ನಂಗೆ ಗೊತ್ತಾಗಲ್ವಾ? ಸೋಮವಾರ ಸೋಮವಾರ ಪೂಜೆ ಆದ್ಮೇಲೆ ಲಿಂಗಕ್ಕೆ ಎರೆದ ನೀರು ಗಿಂಡಿಲಿ ಉಳಿದಿದ್ದನ್ನ ಗಾಡಿಗೆ ಪೆಟ್ರೋಲ್ ಹಾಕೋ ಬಾಯಿಗೆ ಹಾಕ್ತೀನಿ. ಯುಗಾದಿಯಿಂದ."

"ಅಮ್ಮಾ!" ಎಂದ ಶಶಿಕಿರಣ್. "ಯಾಕಮ್ಮಾ?"

"ಯಾಕೆ ಅಂತ ವರದಣ್ಣನ್ನ ಕೇಳು. ಪೆಟ್ರೋಲಲ್ಲಿ ಸಾರಾಯಿ ಇದೆ ಅಂತ ಹೋಳಿಗೆ ಮುಂದೆ ಕೂತ್ಕೊಂಡು ಹೇಳಿದ್ದು ಯಾರು? ಸಾರಾಯಿ ಕುಡ್ದಿರೋ ಗಾಡಿಲಿ ಕೂತು ಬಸವಣ್ಣನ ಮುಂದೆ ಹೋಗಿ ಇಳಿಯೋದಾ? ಅದಕ್ಕೇ ಶುದ್ಧಿ ಮಾಡ್ದೆ."

ಶಶಿಕಿರಣ್ ನಗಲು ಬಾಯಿ ತೆರೆದವನು ಅಪ್ಪನ ಮುಖ ನೋಡಿ ಮುಚ್ಚಿಕೊಂಡ. ಸಿದ್ದಬಸಪ್ಪ ಬಾಟಲಿಯ ತಳವನ್ನೇ ನೋಡುತ್ತಿದ್ದರು. ವಾರವೆಲ್ಲ ಅವರು ಲಿಂಗದ ಮುಂದೆ ಕೂತು ಈ ಕಾರಿಗಾಗಿ ಬೇಡಿಕೊಂಡಿದ್ದರು. ಅದೇ ಕಾರಿಗಾಗಿ ಹೆಂಡತಿ ಕೂಡ ತನ್ನ ಪೂಜೆಯ ಫಲವನ್ನು ಹನಿಹನಿಯಾಗಿ ಸುರಿಯುತ್ತಿದ್ದಳು.

ವರದರಾಜ ಗಂಟಲು ಸರಿಪಡಿಸಿಕೊಂಡರು. "ರುದ್ರಾಣಮ್ಮ, ತಪ್ಪು ನಂದೇ. ಆದ್ರೆ ನೀರು ಉರಿಯಲ್ವಲ್ಲ. ಇನ್ನೂ ಒಂದಿದೆ. ಈ ಸಾರಾಯಿಗೆ ಪೆಟ್ರೋಲಿಗಿಂತ ನೀರಂದ್ರೆ ಪ್ರೀತಿ. ನೀರು ಸಾಕಷ್ಟು ಸೇರಿದ್ರೆ ಪೆಟ್ರೋಲನ್ನ ಬಿಟ್ಟು ಅದರ ಕೈ ಹಿಡಿದು ತಳಕ್ಕೆ ಹೋಗಿಬಿಡತ್ತೆ."

"ಅಂದ್ರೆ ಮೇಲಿರೋ ಪೆಟ್ರೋಲಲ್ಲಿ ಸಾರಾಯಿ ಇಲ್ಲ?" ಎಂದು ಕೇಳಿದರು ರುದ್ರಾಣಿ.

"ಬಹುಪಾಲು... ಇಲ್ಲ."

"ಮತ್ತೆ ಶುದ್ಧಿ ಆಯ್ತಲ್ಲ!"

ಗಣಿತದ ಮೇಷ್ಟ್ರು ಬಾಟಲಿ ನೋಡಿದರು, ಗೆಳೆಯನನ್ನು ನೋಡಿದರು. "ಆಯ್ತು ಕಣೋ" ಎಂದರು ಮೆಲ್ಲಗೆ. ಈಗ ಎಲ್ಲರಿಗೂ ನಗು ಬಂತು. ಮೊದಲು ನಕ್ಕವರು ರುದ್ರಾಣಿಯೇ.

ಆದರೂ ಆಕೆಯ ಹಟ ಇಳಿಯಲಿಲ್ಲ. ತಳದ ನೀರನ್ನು ಚರಂಡಿಗೆ ಚೆಲ್ಲಗೊಡಲಿಲ್ಲ. ಅಗಲ ಬಾಯಿಯ ಪಾತ್ರೆಗೆ ಸುರಿಸಿ, ಬೆಳಗಿನ ಬಿಸಿಲಿಗೆ ಆರಿಹೋಗಲೆಂದು ತಾರಸಿಯಲ್ಲಿ ಇಡಿಸಿದರು. "ಮುಂದಿನ ಸೋಮವಾರ ಏನ್ಮಾಡೋದು? ಮತ್ತೆ ಅದೇ ಪೆಟ್ರೋಲು ತಾನೇ?"

"ಉರಿದ ಮೇಲೆ ಸಾರಾಯಿ ಎಲ್ಲಿರತ್ತೆ ರುದ್ರಾಣಿ?" ಎಂದರು ಸಿದ್ದಬಸಪ್ಪ. "ಹಣೆಗೆ ಹಚ್ಕೊಳೋ ವಿಭೂತಿ ಉರಿಯೋಕೆ ಮುಂಚೆ ಏನಾಗಿತ್ತು ಹೇಳು?"

"ಸಗಣಿ" ಎಂದರು ರುದ್ರಾಣಿ. ಸ್ವಲ್ಪ ಯೋಚಿಸಿ, "ಅದೇನೋ ಸರಿ. ಆದ್ರೂ ಬರಿಗೈಲಿ ಹೊರಡೋಕೆ ನಂಗೆ ಮನಸ್ಸು ಬರಲ್ಲ. ಈ ಗಾಡಿಗೆ ನೀರು ಬೇಕು ಅನ್ನೋ ಜಾಗ ಒಂದೂ ಇಲ್ವಾ?"

ಇಬ್ಬರು ಗೆಳೆಯರೂ ಒಟ್ಟಿಗೆ ಬಾನೆಟ್ಟಿನ ಕಡೆ ತಿರುಗಿದರು.

ಶನಿವಾರ ಬೆಳಿಗ್ಗೆ, ಟ್ಯಾಂಕು ತೊಳೆದು ಒಣಗಿಸಿದ ಮೇಲೆ, ಹೊಸ ಪೆಟ್ರೋಲು ತುಂಬಿಸಿಕೊಂಡು ಕಾರು ಹೊರಟಿತು. ಮುಂದೆ ರುದ್ರಾಣಿ, ಹಿಂದೆ ಶಶಿಕಿರಣ್, ಅವನ ಪಕ್ಕದಲ್ಲಿ ವರದರಾಜ. ಏರು ಶುರುವಾಗುತ್ತಿದ್ದಂತೆ ಶಶಿಕಿರಣ್ ಹಿಂದಿನ ಗಾಜಿನಲ್ಲಿ ಬಸ್ಸುಗಳನ್ನು ನೋಡತೊಡಗಿದ. ಸಿದ್ದಬಸಪ್ಪ ಸೆಕೆಂಡ್ ಗೇರಿಗೆ ಇಳಿಸಿದರು. ನಾದ ದಪ್ಪವಾಯಿತು, ನಡುಗಲಿಲ್ಲ. ಕೆಮ್ಮುತ್ತಿದ್ದ ಜಾಗ ಬಂತು, ದಾಟಿತು. ಅರಿವಿಲ್ಲದೆಯೇ ಅವರ ಬಾಯಲ್ಲಿ ಒಂದು ವಚನ ಹೊರಟಿತ್ತು. ಇಂಜಿನ್ನು ಹಿಡಿದ ಶ್ರುತಿಗೆ ಸರಿಯಾಗಿ, ಸಾಲು ತುಂಡಾಗದೆ, ಏರು ಮುಗಿಯುವವರೆಗೂ ಸಾಗಿತು.

ದೇವಸ್ಥಾನದ ಬಳಿ ಕಾರು ನಿಂತಾಗ ಶಶಿಕಿರಣ್ ಇಳಿದು ದೂರ ಹೋಗಿ ಫೋನ್ ಹಚ್ಚಿದ. "ಇಲ್ಲ ಸರ್, ಬೇಡ... ಸರಿ ಹೋಯ್ತು... ಏನಾಗಿತ್ತು ಅಂದ್ರೆ..." ಎಂದು ತಾಯಿಯ ಕಡೆ ನೋಡಿ, "ಅದು ಮನೆ ವಿಷ್ಯ ಬಿಡಿ ಸರ್" ಎಂದು ಮುಗಿಸಿದ.

ರುದ್ರಾಣಿ ಸೆರಗಿನೊಳಗಿಂದ ಗಿಂಡಿ ತೆಗೆದು ಕಾರಿನ ಮುಂದೆ ಬಂದು ನಿಂತರು.

"ಈಗ್ಲೇ ಮುಚ್ಚಳ ತೆಗೀಬೇಡಿ, ರೇಡಿಯೇಟರ್ ನೀರು ಕುದೀತಿರತ್ತೆ" ಎಂದರು ವರದರಾಜ. "ತಣ್ಣಗಾಗ್ಲಿ."

"ಆಗ್ಲಿ ಬಿಡಿ" ಎಂದು ಅವರು ಮರದ ನೆರಳಿನ ಕಲ್ಲಿನ ಮೇಲೆ, ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. "ನಮಗೇನು ಅವಸರ?"