ಒಂದೇ ಬೆಳಗು ಕಂಡ ಕಣ್ಣು

ನನ್ನ ಭಾವ ಗಡಿಯಾರ ನೋಡುವುದಿಲ್ಲ, ಮೂಸುತ್ತಾರೆ ಎಂದು ಬೀದಿಯ ಮಂದಿ ನಗುತ್ತಿದ್ದರು. ದಪ್ಪ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಬಿಚ್ಚಿದ ಗಡಿಯಾರವನ್ನು ಬಲಗಣ್ಣಿನಿಂದ ನಾಲ್ಕು ಬೆರಳಿನ ದೂರಕ್ಕೆ ತಂದು, ಉಸಿರು ಬಿಗಿಹಿಡಿದು ಕೂತರೆಂದರೆ ಎದುರಿಗೆ ಗಿರಾಕಿ ಸಿಡಿಮಿಡಿಗೊಂಡರೂ ತಲೆಯೆತ್ತುತ್ತಿರಲಿಲ್ಲ. ಚಕ್ರಗಳ ಕೂದಲಿಗಿಂತ ಸಣ್ಣ ಅಚ್ಚುಗಳು ಆ ಬರಿಗಣ್ಣಿಗೆ ಮನೆಯ ಕಂಬಗಳಷ್ಟು ಸ್ಪಷ್ಟವಂತೆ. ಭೂತಗನ್ನಡಿಯನ್ನು ಅವರು ಮುಟ್ಟಿದ್ದನ್ನು ನಾನು ಕಾಣೆ. ಆದರೆ ಕನ್ನಡಕವಿಲ್ಲದೆ ಒಂದು ಗೇಣಿನಾಚೆಗಿನ ಜಗತ್ತೆಲ್ಲ ಅವರಿಗೆ ಕಲಸಿದ ಬಣ್ಣ.

ಅವರ ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಬೀಗದ ಅಂಗಡಿ ನನ್ನದು. ಕೀಲಿ ತಿರುಗದಿದ್ದರೆ ನಾನು ಸುತ್ತಿಗೆ ಎತ್ತುವವನು, ಭಾವ ಕಾಯುವವರು. ಎಣ್ಣೆ ಹಾಕಿ ಮುಚ್ಚಿದ ಗಡಿಯಾರ ಮುಂದೋಡಲಿ, ಹಿಂದೆ ಬೀಳಲಿ, ಎಂಟು ದಿನ ಅದರ ಮುಚ್ಚಳ ತೆಗೆಯಕೂಡದೆಂಬುದು ಅವರ ಗುರುವಿನಿಂದ ಬಂದ ನೇಮ. ಹತ್ತರಲ್ಲಿ ಒಂಬತ್ತು ತಾವಾಗಿಯೇ ದಾರಿಗೆ ಬರುತ್ತಿದ್ದವು ಎಂಬುದೂ ಸುಳ್ಳಲ್ಲ.

ಅಂಥವರಿಗೆ ನಲವತ್ತರ ಹೊಸ್ತಿಲಲ್ಲಿ ಒಂದು ಆಸೆ ಹುಟ್ಟಿತು. ಎದ್ದೊಡನೆ ಹೆಂಡತಿಯ ಮುಖ ನೋಡುವ ಬದಲು ದಿಂಬಿನಡಿ ಕನ್ನಡಕ ತಡಕಾಡುತ್ತೀರೆಂದು ಅಕ್ಕ ಮದುವೆಯಾದಂದಿನಿಂದ ಚುಚ್ಚುತ್ತಿದ್ದಳು. ಅವಳಿಗದು ತಮಾಷೆ, ಅವರ ಎದೆಯಲ್ಲಿ ಅದು ಮುಳ್ಳಾಗಿ ನಾಟಿತ್ತು. ಲೇಸರ್ ಮಾಡಿಸಿದರೆ ದೂರ ಕಾಣುತ್ತದೆ, ಹತ್ತಿರದ ಕೆಲಸಕ್ಕೆ ಭೂತಗನ್ನಡಿ ಬೇಕಾಗುತ್ತದೆ ಎಂದು ಕಣ್ಣಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಭಾವ ಒಪ್ಪಿದರು. ಎರಡೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ತೆಳುವಾಗಿ ಸೀಳಿ, ಮುಚ್ಚಳದಂತೆ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚಿದರು. ಮರುದಿನ ಪರೀಕ್ಷಿಸಿ, ಮೂರನೆಯ ದಿನ ತಪ್ಪದೆ ಬನ್ನಿ ಎಂದು ಕಳಿಸಿದರು.

ಆ ಮರುದಿನದ ಬೆಳಗಿನ ಮಾತನ್ನು ಭಾವ ಇವತ್ತಿಗೂ ಆಡುತ್ತಾರೆ. ಕಣ್ಣು ಬಿಟ್ಟರಂತೆ, ಪಕ್ಕದಲ್ಲಿ ಅಕ್ಕ ಮಲಗಿದ್ದಳಂತೆ, ಹುಬ್ಬಿನ ನಡುವಿನ ಸಣ್ಣ ಕಲೆ, ಕೆನ್ನೆಗೆ ಅಂಟಿದ ಒಂದೆಳೆ ಕೂದಲು, ಎಲ್ಲ ಬರಿಗಣ್ಣಿಗೆ. ಎಬ್ಬಿಸದೆ ಎಷ್ಟು ಹೊತ್ತು ನೋಡಿದರೋ, ಗಡಿಯಾರದವರಾಗಿಯೂ ಅವರಿಗೆ ಲೆಕ್ಕವಿಲ್ಲ.

ಲೇಸರ್ ಆದ ಎರಡನೆಯ ದಿನಕ್ಕೆ ಕಣ್ಣಿಗೆ ಮಂಜು ಕವಿಯಿತು. ನೋವಿಲ್ಲ, ಮರಳು ಬಿದ್ದಂಥ ಕಿರಿಕಿರಿ, ಬೆಳಕು ಕಂಡರೆ ನೀರು. ಭಾವ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆಂದು ಹೊರಟು, ಅಂಗಡಿಯಲ್ಲೇ ಕೂತು, ಹೋಗಿಬಂದೆ ಎಂದು ಅಕ್ಕನಿಗೆ ಹೇಳಿದರು.

ಆರನೆಯ ದಿನ ನಾನು ಅತ್ತ ಇಣುಕಿದಾಗ ಬಾಗಿಲು ಅರ್ಧ ಎಳೆದಿತ್ತು. ಭಾವ ದೀಪಕ್ಕೆ ಬಟ್ಟೆ ಸುತ್ತಿ ಕೂತಿದ್ದರು. ಮೇಜಿನ ಮೇಲಿನ ಸೆಕೆಂಡು ಮುಳ್ಳನ್ನು ಕಣ್ಣಿನಿಂದಲ್ಲ, ಬೆರಳ ತುದಿಯಿಂದ ಹುಡುಕುತ್ತಿದ್ದರು. ಕಣ್ಣಿಗೇನಾಯಿತು ಎಂದೆ.

"ಈಗಷ್ಟೇ ಮುಚ್ಚಿದ್ದು ಕಣೋ. ಎಂಟು ದಿನ ಆಗ್ಲಿ, ತಾನೇ ಕೂತ್ಕೊಳ್ಳುತ್ತೆ."

"ಭಾವ, ಅದು ಕಣ್ಣು. ಕೀಲಿ ಕೊಟ್ಟು ಓಡಿಸೋಕೆ ಗಡಿಯಾರ ಅಲ್ಲ."

ಕೈ ಹಿಡಿದು ಎಳೆದುಕೊಂಡೇ ಆಟೋ ಹತ್ತಿಸಿದೆ. ಮುಚ್ಚಳದ ಅಡಿ ಉರಿಯೂತವಾಗಿದೆ, ಮರಳು ಚೆಲ್ಲಿದ ಹಾಗೆ ಬಿಳಿಯ ಕಣಗಳು ಸೇರಿವೆ ಎಂದರು ಡಾಕ್ಟರಮ್ಮ. ಮೂರನೆಯ ದಿನ ಬಂದಿದ್ದರೆ ಬಹುಶಃ ಹನಿಯಲ್ಲೇ ಹತೋಟಿಗೆ ಬರುತ್ತಿತ್ತಂತೆ. ನಾನು ಡಾಕ್ಟರಮ್ಮನ ಮೇಲೆಯೇ ಹರಿಹಾಯ್ದೆ. ತಪ್ಪು ಅವರದ್ದಲ್ಲವೆಂದು ಗೊತ್ತಿದ್ದೂ ಬೈದೆ, ಭಾವನನ್ನು ಬೈಯುವುದಕ್ಕೆ ಬಾಯಿ ಬರಲಿಲ್ಲ. ಭಾವ ನನ್ನ ತೋಳು ಹಿಡಿದು, "ಬಿಡಿ ಅಮ್ಮ, ಇವನ ಮಾತು ಮನಸ್ಸಿಗೆ ಹಚ್ಕೋಬೇಡಿ. ಮುಚ್ಚಿದ್ಮೇಲೆ ಕಾಯೋದು, ನಾನು ಕಲಿತಿದ್ದೇ ಹಾಗೆ" ಎಂದರು.

ಅಂದೇ ಮುಚ್ಚಳಗಳನ್ನೆತ್ತಿ ತೊಳೆದರು. ಗಂಟೆಗೊಮ್ಮೆ ಹನಿ ಹಾಕಲು ಅಕ್ಕ ಕಾವಲು ಕೂತಳು. ಎಡಗಣ್ಣು ತಿಳಿಯಾಯಿತು. ಬಲಗಣ್ಣಿನ ನಟ್ಟನಡುವೆ ಗಾಯದ ಕಲೆ ಉಳಿಯಿತು, ಉಸಿರು ಊದಿದ ಗಾಜಿನಂತೆ. ಅದು ಮತ್ತೆ ಒರೆಸಲು ಬಾರದ ಗಾಜು.

ಭೂತಗನ್ನಡಿ ಹಿಡಿದರೂ ಎಡಗಣ್ಣು ಸಣ್ಣ ಕೆಲಸಕ್ಕೆ ಒಗ್ಗಲಿಲ್ಲ. ಈಗ ಭಾವ ಗೋಡೆ ಗಡಿಯಾರಗಳನ್ನಷ್ಟೇ ಮುಟ್ಟುತ್ತಾರೆ. ಹೆಂಗಸರ ಪುಟ್ಟ ಕೈಗಡಿಯಾರ ಬಂದರೆ ಅಭ್ಯಾಸಬಲದಿಂದ ಬಲಗಣ್ಣಿಗೆ ತಂದು, ಬೇರೆಯವರಿಗೆ ತೋರಿಸಿ ಎಂದು ವಾಪಸು ಕೊಡುತ್ತಾರೆ. ಬೆಳಿಗ್ಗೆ ಎಡಗಣ್ಣಿಗೆ ಅಕ್ಕ ಕಾಣುತ್ತಾಳೆ.

"ಆವತ್ತಿನ ಹಾಗೆ ಅಲ್ಲ ಕಣೇ."

"ನನ್ನ ಮುಖಕ್ಕೂ ವಯಸ್ಸಾಯ್ತು ಬಿಡ್ರಿ, ಕಣ್ಣನ್ನ ಯಾಕೆ ಬೈತೀರಿ" ಎನ್ನುತ್ತಾಳೆ ಅಕ್ಕ. ಆಮೇಲೆ, ಯಾವ ಕೆಲಸ ಕರೆದರೂ ಏಳದೆ, ಅವರು ನೋಡುವಷ್ಟು ಹೊತ್ತು ಹಾಗೆಯೇ ಮಲಗಿರುತ್ತಾಳೆ.

ನನ್ನಂಥ ಮುಂಗೋಪಿಗಳು ಕಳೆದುಕೊಂಡದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಅರಚಿ, ನಾಲ್ಕು ದಿನಕ್ಕೆ ಮರೆತು ಉಣ್ಣುತ್ತೇವೆ. ತಾಳ್ಮೆಯ ಜನ ಅರಚುವುದಿಲ್ಲ. ಅವರ ತಪ್ಪು ಸದ್ದಿಲ್ಲದೆ ಬಲಿಯುತ್ತದೆ, ಹಂಬಲವೂ ಸದ್ದಿಲ್ಲದೆ ಬಲಿಯುತ್ತದೆ. ಒಮ್ಮೆ ದಕ್ಕಿದ್ದನ್ನು ಅವರು ಮತ್ತೆ ಬೇಡುವುದೂ ಇಲ್ಲ, ಬಿಡುವುದೂ ಇಲ್ಲ. ಅಂಥವರ ಜೊತೆ ಬಾಳುವವರು ಅವರ ಮಾತಿಗಾಗಿ ಕಾಯಬಾರದು, ತಾವಾಗಿಯೇ ಬಾಗಿಲು ತಳ್ಳಿ ಒಳಗೆ ಹೋಗಬೇಕು. ನಾನು ಹೋದದ್ದು ಆರನೆಯ ದಿನ.