ಮಾವನಿಗೊಂದು ಹೆಸರು

ನಾನು ಟೈಪ್ ಮಾಡುವ ರಭಸಕ್ಕೆ ಒಮ್ಮೆ ನಮ್ಮ ಕ್ಯಾಂಪಸ್ಸಿನ ಕಂಪ್ಯೂಟರಿಗೆ ಬೆಂಕಿ ಹತ್ತಿ, ಆರಿಸಲು ಕುಮಟೆಯಿಂದ ಒಂದು, ಭಟ್ಕಳದಿಂದ ಒಂದು ಬೆಂಕಿ ಗಾಡಿ ಬಂದವು. ಎರಡೂ ಸೋತವು. ಕಡೆಗೆ ಶರಾವತಿಯೇ ಗುಡ್ಡ ಹತ್ತಿ ಬಂದು ಆರಿಸಿ ಹೋಯಿತು. ನೀವು ನಂಬದಿದ್ದರೆ ಬಿಡಿ, ಮಂಕಿ ಊರಿನವರು ಇವತ್ತಿಗೂ ನಂಬುತ್ತಾರೆ.

ನಾನು ಸುಧಾಕರ. ಹೊನ್ನಾವರದ ಹೊರಗೆ ಗುಡ್ಡದ ಮೇಲಿರುವ ವಿಶ್ವವಿದ್ಯಾಲಯದ ಸಣ್ಣ ಕ್ಯಾಂಪಸ್ಸಿನಲ್ಲಿ ಟೈಪಿಸ್ಟ್. ನಿರ್ದೇಶಕ ಮಾಬ್ಲೇಶ್ವರ ಸರ್ ಬರೀ ಸಹಿ ಹಾಕುತ್ತಾರೆ, ಆಡಳಿತವೆಲ್ಲ ನನ್ನದೇ. ಹಾಗಾಗಿ ಆ ಹೆಣ್ಣುಮಕ್ಕಳ ಹಾಡಿನ ಗಲಾಟೆಯ ಕತೆಯನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವರು ಈ ಮೂರು ತಾಲೂಕಿನಲ್ಲಿ ಇಲ್ಲ.

ಗಲಾಟೆಗೆ ಮೊದಲಿಟ್ಟವಳು ಕುಮಟೆ ಕಡೆಯ ಬಾಡ ಊರಿನ ಕಲ್ಪನಾ ಗೌಡ, ಎಂ.ಎ. ಎರಡನೇ ವರ್ಷ. ಜೂನ್ ಪರೀಕ್ಷೆ ಮುಗಿಸಿದರೆ ಕುಮಟೆಯ ಒಂದು ಶಾಲೆಯಲ್ಲಿ ಕೆಲಸ ಕೊಡುತ್ತೇವೆಂದು ಅವಳಿಗೆ ಮಾತು ಸಿಕ್ಕಿತ್ತು. ಮಾರ್ಚಿನ ಮಹಿಳಾ ದಿನಕ್ಕೆ ಅವಳೂ ಇನ್ನಾರು ಹುಡುಗಿಯರೂ ವೇದಿಕೆಯ ಮೇಲೆ ಒಂದು ಮದುವೆಯ ಆಟ ಆಡಿ ಬೈಗುಳದ ಹಾಡು ಹಾಡುವುದೆಂದು ನಿಶ್ಚಯಿಸಿದರು.

ನಮ್ಮ ಕಡೆ ಅದೊಂದು ಪದ್ಧತಿ. ದಿಬ್ಬಣ ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಜರೆಯುತ್ತಾರೆ. ಎಷ್ಟು ಬೇಕಾದರೂ ಜರೆಯಬಹುದು, ಆದರೆ ಹೆಸರು ಹಿಡಿಯುವ ಹಾಗಿಲ್ಲ. ‘ದಿಬ್ಬಣದ ಮಾವ’ ಎಂದರೆ ಮುಗಿಯಿತು. ದಿಬ್ಬಣದಲ್ಲಿ ಮಾವಂದಿರು ಇಪ್ಪತ್ತು ಜನ ಇರುತ್ತಾರೆ. ಹತ್ತೊಂಬತ್ತು ಜನ ನಗುತ್ತಾರೆ, ಯಾರಿಗೆ ತಾಗಬೇಕೋ ಅವನು ಎಲೆಯ ಮೇಲೆ ಬಗ್ಗುತ್ತಾನೆ.

ಕಲ್ಪನಾಳ ಅಜ್ಜಿ ಬಂಗಾರಿ ಅಂಥ ಹಾಡಿನ ಕಣಜ. ಮೊಮ್ಮಗಳ ಮಾತು ಕೇಳಿ ಕ್ಯಾಂಪಸ್ಸಿಗಾಗಿ ಹೊಸದೊಂದನ್ನು ಕಟ್ಟಿಕೊಟ್ಟಿದ್ದಳು.

*ದಿಬ್ಬಣದ ಮಾವ ಬಂದಾನೆ, ತಂಗಿ,*
*ಪಾಠ ಹೇಳ್ತೆ ಬಾ ಅಂತಾನೆ.*
*ಪಾಠಕ್ಕೆ ಬಾಗ್ಲು ಎಂತಕೆ ಹಾಕ್ತೆ, ಮಾವ,*
*ಬೆಳ್ಕಿದ್ರೆ ಅಕ್ಷರ ಕಾಣ್ತದೆ.*

ಸುದ್ದಿ ನಿರ್ದೇಶಕರ ಕಿವಿಗೆ ಬಿತ್ತು. ಮೂರು ದಿನ ಮೊದಲೇ ಹಾಡನ್ನು ಬರೆದು, ಸಹಿ ಹಾಕಿ, ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂದು ಆದೇಶ ಹೊರಟಿತು. ಕಲ್ಪನಾ ನೇರ ಅವರ ಕೋಣೆಗೆ ನುಗ್ಗಿದಳು.

“ದುಡ್ಡು ನಮ್ದು ಸರ್. ಪ್ರತಿ ಸೆಮಿಸ್ಟರ್ ಸಾಂಸ್ಕೃತಿಕ ಶುಲ್ಕ ಅಂತ ತಗೊಳ್ತ್ರಿ. ಎಂತ ಹಾಡ್ಬೇಕು ಅಂತ ನಾವು ಹೇಳೂಕಾಗೂದಿಲ್ವ?”

“ದುಡ್ಡು ನಿಮ್ದಿರ್ಬಹುದು ತಂಗಿ. ಸ್ಟೇಜು ನಮ್ದು.”

“ಹೋದ ವರ್ಷ ಹುಡುಗ್ರು ಕುಡ್ಕನ ವೇಷ ಹಾಕಿ ಹೆಂಡತಿಗೆ ಹೊಡಿಯೂದು ಆಡಿದ್ರಲ್ಲ. ಅದನ್ನ ಬರ್ದು ಕೊಡಿ ಅಂದಿದ್ರ?”

“ಅದು ಕಾಮಿಡಿ,” ಎಂದರು ನಿರ್ದೇಶಕರು. ಅವರು ತಮಾಷೆಗೆ ಹೇಳಿದ್ದಲ್ಲ.

ಹಾಡು ಬರೆಸಲು ಬಂಗಾರಜ್ಜಿ ಮೊಮ್ಮಗಳ ಜೊತೆ ನನ್ನ ಕೋಣೆಗೆ ಬಂದಳು. ಕುರ್ಚಿ ಕೊಟ್ಟರೂ ನೆಲದಲ್ಲೇ ಕೂತಳು. ಹಾಡನ್ನು ಬಿಡಿಸಿ ಹೇಳಲು ಅವಳಿಗೆ ಬರುವುದಿಲ್ಲ. ನಡುವೆ ತಡೆದರೆ ಮತ್ತೆ ಮೊದಲಿನಿಂದ ಹಾಡಬೇಕು.

“ಸ್ವಲ್ಪ ನಿಧಾನ ಹೇಳಜ್ಜಿ.”

“ನಿಧಾನ ಹೇಳೂಕೆ ಇದು ಸುದ್ದಿಯಲ್ಲ ಒಡ್ಯಾ, ಪದ.”

ನಾಲ್ಕು ಸಾವಿರ ಸಲ ಹಾಡಿಸಿದೆ. ಐದು ಗಂಟೆಯ ಬಸ್ಸು ತಪ್ಪುವ ಹೊತ್ತಾಯಿತು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಕಲ್ಪನಾ ಓದದೆಯೇ ಸಹಿ ಹಾಕಿ, “ಸುಧಾಕರಣ್ಣ ಟೈಪ್ ಹೊಡೆದದ್ದು, ಓದೂದೆಂತ,” ಎಂದು ಅಜ್ಜಿಯ ಕೈ ಹಿಡಿದು ಓಡಿದಳು.

ಆ ಹಾಳೆಯಲ್ಲಿ ಮೂರು ನುಡಿಗಳಿದ್ದವು. ಮೂರನೆಯದರಲ್ಲಿ ಮಾವನಿಗೊಂದು ಹೆಸರಿತ್ತು: ಗುರುದತ್ತ. ಎಂ.ಎ. ಹುಡುಗಿಯರ ಪ್ರಬಂಧಕ್ಕೆ ಮಾರ್ಗದರ್ಶಕರು ಗುರುದತ್ತ ಸರ್. ತಿದ್ದಲು ಕರೆಯುತ್ತಾರೆ, ಕರೆದಾಗ ಬಾಗಿಲು ಹಾಕಲು ಹೇಳುತ್ತಾರೆ. ಮುದುಕಿಗೆ ಬಾಯಿ ಜಾರಿತೋ ಏನೋ, ನನಗೆ ಗೊತ್ತಿಲ್ಲ. ನಾನು ಕೇಳಿದ್ದನ್ನು ಹೊಡೆಯುವವನು.

ಮರುದಿನವೇ ಸಮಿತಿ ಕೂತಿತು. ಗುರುದತ್ತ ಸರ್ ಮಾನನಷ್ಟದ ದೂರು ಕೊಟ್ಟಾಗಿತ್ತು. ಏಳು ಹುಡುಗಿಯರೂ ಅಜ್ಜಿಯೂ ಗೋಡೆಗೆ ತಾಗಿ ನಿಂತಿದ್ದರು. ಆ ದಿನ ನಾನು ಮೇಜಿಗೆ ಗುದ್ದಿದ ಗುದ್ದಿಗೆ ಅದರ ಗಾಜು ಏಳು ಹೋಳಾಗಿ, ಸಮಿತಿಯ ರೇಖಾ ಮೇಡಂ ಕೂತಲ್ಲೇ ಬೆವತುಹೋದರು. ಹುಡುಗಿಯರ ಪರವಾಗಿ ಮೂರು ತಾಸು ವಾದಿಸಿದೆ.

ನಿರ್ದೇಶಕರು ಹಾಳೆ ಎತ್ತಿ ಹಿಡಿದರು. “ಇದು ಯಾರಿಗಾದದ್ದು? ಆ ಹುಡುಗಿ ಮುಂದೆ ಬಂದು ಹೇಳ್ಲಿ. ಇಲ್ಲಾಂದ್ರೆ ಇದು ಸುಳ್ಳು ಅಪವಾದ.”

ಹೆಸರಿಲ್ಲದ ಹಾಡನ್ನು ಏಳು ಜನವೂ ಹಾಡಬಹುದಿತ್ತು. ಹೆಸರು ಬಂದ ಮೇಲೆ ಒಬ್ಬಳೇ ಮುಂದೆ ಬರಬೇಕಾಯಿತು. ಕಲ್ಪನಾ ಬಾಯಿ ತೆರೆದಳು. ಗುರುದತ್ತ ಸರ್ ಎದುರಿಗೇ ಕೂತು ಪೆನ್ನಿನ ಮುಚ್ಚಳ ತೆಗೆದು ತೆಗೆದು ಹಾಕುತ್ತಿದ್ದರು. ಅವಳು ಬಾಯಿ ಮುಚ್ಚಿದಳು.

“ನಾ ಹೆಸ್ರು ಹಿಡೀಲಿಲ್ಲ ಒಡ್ಯಾ,” ಎಂದಳು ಬಂಗಾರಜ್ಜಿ. “ಹೆಸ್ರು ಹಿಡ್ದ್ರೆ ಅದು ಜಗಳ ಆಗ್ತದೆ. ಪದ ಆಗೂದಿಲ್ಲ.”

“ಹೆಬ್ಬೆಟ್ಟು ನಿಮ್ದೇ ಅಲ್ವ ಅಜ್ಜಿ?” ರೇಖಾ ಮೇಡಂ ಕೇಳಿದರು.

“ಹೌದು.”

ಅಲ್ಲಿಗೆ ಮುಗಿಯಿತು. ಕಾರ್ಯಕ್ರಮ ರದ್ದು. ಇನ್ನು ಮುಂದೆ ಹುಡುಗಿಯರು ಸಾಂಸ್ಕೃತಿಕ ಶುಲ್ಕದಿಂದ ಏನು ಆಡಿದರೂ ಸಮಿತಿಯವರ ಎದುರು ಮೊದಲು ಆಡಿ ತೋರಿಸಬೇಕು. ಕಲ್ಪನಾಳನ್ನು ಒಂದು ವರ್ಷ ಹೊರಗೆ ಹಾಕಿದರು, ಪರೀಕ್ಷೆಗೂ ಕೂರುವಂತಿಲ್ಲ. ಮೇಲ್ಮನವಿಗೆ ಮೂವತ್ತು ದಿನ. ಹಾಳೆಯಲ್ಲಿರುವುದು ಅಜ್ಜಿ ಹಾಡಿದ್ದಲ್ಲ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಗುರುದತ್ತ ಸರ್ ಅದೇ ಕೋಣೆಯಲ್ಲಿ, ಅದೇ ಬಾಗಿಲ ಹಿಂದೆ ಉಳಿದರು.

ಇಪ್ಪತ್ತೆಂಟನೆಯ ದಿನ ಮಧ್ಯಾಹ್ನ ನಾನು ಕುಮಟೆಯ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಬ್ಯಾಂಕಿನ ಹರೀಶ ಕೂತಿದ್ದ.

“ಹಾಡು ಭಾರಿ ಇತ್ತಂತಲ್ಲ ಮಾರಾಯ?”

“ಎಂತ ಭಾರಿ? ಮುದ್ಕಿ ಹಾಡಿದ್ದು ಬರೀ ಸಪ್ಪೆ. ಹೆಸರು ಬಿದ್ದ ಮೇಲಲ್ವ ಖಾರ ಬಂದದ್ದು. ಆ ಮೂರನೇ ನುಡಿ ಯಾರ್ದು ಅಂತ ತಿಳ್ಕೊಂಡೆ ನೀನು? ನಂದು. ನಿಂತ ಕಾಲಲ್ಲಿ ಕಟ್ಟಿದ್ದು. ಇಡೀ ಯೂನಿವರ್ಸಿಟಿ ನಡುಗಿಹೋತು.”

“ಸುಧಾಕರಣ್ಣ.”

ದನಿ ಹಿಂದಿನ ಸೀಟಿನಿಂದ ಬಂತು. ಕಲ್ಪನಾ. ಕಾಲ ಬಳಿ ಹರಿವೆ ಸೊಪ್ಪಿನ ಖಾಲಿ ಬುಟ್ಟಿ. ಹೊನ್ನಾವರದ ಪೇಟೆಯಲ್ಲಿ ಮಾರಿ ಮನೆಗೆ ಹೊರಟವಳು. ಅವಳ ದನಿ ಎತ್ತರವಾಗಲಿಲ್ಲ.

“ಈಗ ಹೇಳಿದ್ರಲ್ಲ, ಅದನ್ನೇ ಬರ್ದು ಕೊಡಿ. ಇನ್ನೂ ಎರಡು ದಿನ ಇದೆ. ಒಂದೇ ಸಾಲು ಸಾಕು.”

“ಹೇ, ತಮಾಷೆಗೆ ಅಂದದ್ದು ಮಾರಾಯ್ತಿ.”

“ತಮಾಷೆ ಯಾವುದು? ಆಗ ಟೈಪ್ ಮಾಡಿದ್ದ, ಈಗ ಹೇಳಿದ್ದ?”

ಹರೀಶ ಕಿಟಕಿಯತ್ತ ಮುಖ ತಿರುಗಿಸಿದ. ನಾನು ಏನಾದರೂ ಹೇಳುತ್ತೇನೆಂದು ಅವಳು ಕಾಯುತ್ತಿದ್ದಳು.

ಆಯಿತು. ನಿಮಗಾದರೂ ನಿಜ ಹೇಳುತ್ತೇನೆ: ಬಂಗಾರಜ್ಜಿ ಹಾಡಿದ್ದು ಎರಡೇ ನುಡಿ. ಹಾಡಿಸಿದ್ದು ನಾಲ್ಕು ಸಲ. ಮೂರನೆಯದನ್ನು ನಾನು ಸೇರಿಸಿದೆ. ಮಾರ್ಗದರ್ಶಕರನ್ನು ಬದಲಿಸಿ ಎಂದು ಕಲ್ಪನಾ ಜನವರಿಯಲ್ಲಿ ಕೊಟ್ಟ ಅರ್ಜಿ ನನ್ನ ಫೈಲಿನಲ್ಲಿತ್ತು. ಕಾರಣದ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಆ ಖಾಲಿ ಜಾಗ ನೋಡಿಯೇ ನನಗೆ ಕಾರಣ ತಿಳಿದಿತ್ತು. ನನ್ನ ಸಾಲಿಗೆ ಸಭೆಯಲ್ಲಿ ಸಿಳ್ಳೆ ಬೀಳಲಿ ಎಂಬ ಆಸೆಯಿಂದ ಹೆಸರು ಹಾಕಿದೆ.

ಸಮಿತಿಯ ಎದುರು ನಾನು ಮೇಜು ಗುದ್ದಲಿಲ್ಲ. ಮೂರು ತಾಸು ವಾದಿಸಲೂ ಇಲ್ಲ. ನಿರ್ದೇಶಕರು ಕೇಳಿದಾಗ, “ಅವ್ರು ಹೇಳಿದ್ದನ್ನೇ ಹೊಡ್ದೆ ಸರ್,” ಎಂದೆ. ಆಗ ಅಜ್ಜಿ ನನ್ನನ್ನು ನೋಡಿದಳು, ಬೈಯಲಿಲ್ಲ.

ಬಸ್ಸು ಹಳದೀಪುರದಲ್ಲಿ ನಿಂತಿತು. ನಾನು ಕುಮಟೆಗೆ ಟಿಕೆಟ್ ತೆಗೆದಿದ್ದೆ, ಅಲ್ಲೇ ಇಳಿದುಬಿಟ್ಟೆ. ಇದೆಲ್ಲ ನಡೆದು ಐದು ತಿಂಗಳಾಯಿತು. ಬರೆದುಕೊಟ್ಟರೆ ಕೆಲಸ ಹೋಗುತ್ತದೆ. ನಾನು ಬರೆದುಕೊಡಲಿಲ್ಲ.