ಟಣ್ ಅಂದ್ರೆ ಗಾಳಿ ಇದೆ ಅಂತಲ್ಲ

ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಯಿತೆಂದರೆ ಇಡೀ ಮನೆಯೇ ಆಸ್ಪತ್ರೆಯ ಗಡಿಯಾರಕ್ಕೆ ಕಟ್ಟುಬಿದ್ದ ಹಾಗೆ. ಈ ಮನೆಯಲ್ಲೂ ಹಾಗೇ ಆಗಿತ್ತು. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಇರುವುದು ಹೆದ್ದಾರಿ ಹಿಡಿದು ಹೋಗಬೇಕಾದ ಪಟ್ಟಣದಲ್ಲಿ. ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಬರುವ ತ್ರಾಣ ಅಮ್ಮನಿಗೆಲ್ಲಿ? ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಳೆದೂ ಸುರಿದೂ ಒಂದು ಹಳೆಯ ಕಾರು ಕೊಂಡಳು. ಓಡಿಸುವ ಜವಾಬ್ದಾರಿ ಅಪ್ಪನದು.

ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಕಾರು ತೆಗೆಯುವ ಮೊದಲು ಒಂದು ಕಬ್ಬಿಣದ ಸಲಾಕೆ ಹಿಡಿದು ನಾಲ್ಕೂ ಟೈರಿಗೆ ಒಂದೊಂದು ಏಟು ಕೊಡುತ್ತಿದ್ದರು. ಡಿಪೋದಲ್ಲಿ ಕಲಿತ ವಿದ್ಯೆ. ಟಣ್ ಅಂದರೆ ಗಾಳಿ ಭರ್ತಿ, ಡಬ್ ಅಂದರೆ ಪಂಕ್ಚರ್. ಈ ಕಿವಿ ಒಮ್ಮೆಯೂ ಮೋಸ ಮಾಡಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬಸ್ಸಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ಆ ದಿನ ಮಗಳಿಗೆ ರಜೆ. ಅಪ್ಪನಿಗೂ ಕೊಂಚ ಬಿಡುವಾಗಲಿ ಎಂದು ತಾನೇ ಓಡಿಸಲು ಕುಳಿತಳು. ಅಮ್ಮ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಕೊಂಡರು. ಮಗಳು ಕೀಲಿ ತಿರುಗಿಸಿದಳು. ಸ್ಟೀರಿಂಗಿನ ಹಿಂದೆ, ಮೀಟರಿನ ಮೂಲೆಯಲ್ಲಿ, ಒಂದು ಚೂರು ಕಪ್ಪು ಟೇಪು ಅಂಟಿಸಿದ್ದು ಕಾಣಿಸಿತು. ಉಗುರಿನಿಂದ ಎಬ್ಬಿಸಿದಳು. ಕೆಳಗೆ ಹಳದಿ ದೀಪ ಉರಿಯುತ್ತಿತ್ತು. ಟೈರಿನ ಚಿತ್ರ, ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ.

"ಅಪ್ಪಾ, ಏನಿದು?"

"ಅದಾ? ಸುಮ್ನೆ ಉರೀತಿರತ್ತೆ ಮಗಾ. ಕಣ್ಣಿಗೆ ಚುಚ್ಚುತ್ತಿತ್ತು ಅಂತ ಟೇಪ್ ಹಚ್ಚಿದೆ."

"ಯಾವಾಗಿಂದ ಉರೀತಿದೆ?"

"ಹೋದ ವಾರದಿಂದ ಇರಬೇಕು. ಟೈರೆಲ್ಲ ಕಲ್ಲಿನ ಥರ ಇದೆ. ಬೇಕಾದ್ರೆ ನೀನೇ ಕೇಳು."

ಸಲಾಕೆ ತಂದು ಹೊಡೆದೇಬಿಟ್ಟರು. ಟಣ್. ಟಣ್. ಟಣ್. ಟಣ್. ನಾಲ್ಕೂ ಒಂದೇ ಸ್ವರ. ಮಗಳು ಬಗ್ಗಿ ನೋಡಿದಳು. ಹಿಂದಿನ ಎಡಗಡೆಯ ಟೈರು ಒಂದು ಎಳೆಯಷ್ಟು ಉಬ್ಬಿದೆಯೇನೋ ಅನ್ನಿಸಿತು. ಅನುಮಾನ ಹೊಕ್ಕಮೇಲೆ ಬಿಡುತ್ತದೆಯೇ? ಅವಳು ಕಾರು ಆಫ್ ಮಾಡಿ ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡಳು.

"ಏನಾಗಿದೆ ಅಂತ ಗೊತ್ತಾಗೋವರೆಗೂ ನಾನು ಗಾಡಿ ತೆಗೆಯಲ್ಲ."

"ಹುಚ್ಚೇನೇ ನಿಂಗೆ? ಹೊತ್ತು ಮೀರಿದ್ರೆ ಅಲ್ಲಿ ಹಾಸಿಗೆ ಬೇರೆಯವರಿಗೆ ಹೋಗತ್ತೆ. ಒಂದು ಸಲ ತಪ್ಪಿದ್ರೆ ನಿಮ್ಮಮ್ಮಂಗೆ ಕಾಲು ಊದಿ ಉಸಿರು ಕಟ್ಟತ್ತೆ. ಅದು ಗೊತ್ತಾ?"

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಹಿಂದೊಮ್ಮೆ ತಪ್ಪಿದಾಗ ಅಮ್ಮ ರಾತ್ರಿಯಿಡೀ ಕುಳಿತೇ ಉಸಿರಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಕೀಲಿ ಹೊರಗೆ ತೆಗೆಯಲಿಲ್ಲ. ನೇರವಾಗಿ ಪಕ್ಕದ ಮನೆಯ ಬಾಗಿಲು ಬಡಿದಳು.

ಪಕ್ಕದ ಮನೆಯಲ್ಲಿ ಇದ್ದವಳು ಬ್ರೇಕಕ್ಕ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ದಿನವೆಲ್ಲ "ಬ್ರೇಕು, ಬ್ರೇಕು!" ಎಂದು ಕಿರುಚಿ ಕಿರುಚಿ ಆ ಹೆಸರು ಬಂದಿತ್ತು. ಅವಳು ಪಿಸುಗುಟ್ಟಿದರೂ ಬೀದಿಯ ಆ ತುದಿಗೆ ಕೇಳಿಸುತ್ತದೆ. ಬಂದವಳೇ ಟೈರಿನ ಬದಿಯಲ್ಲಿ ಬರೆದಿದ್ದನ್ನು ಓದಿದಳು.

"ಮಾವ, ಇದು ರನ್‌ಫ್ಲಾಟ್ ಟೈರು. ಗೊತ್ತಾ ನಿಮಗೆ?"

"ಗೊತ್ತಿಲ್ಲದೆ ಏನು? ಕಾರು ಮಾರಿದವನೇ ಹೇಳಿದ್ದ. ಗಾಳಿ ಹೋದ್ರೂ ಓಡುವ ಟೈರು. ಅದಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿನೂ ಇಲ್ಲ."

"ಓಡತ್ತೆ ಮಾವ. ಎಷ್ಟು ದೂರ ಓಡತ್ತೆ ಅಂತ ಹೇಳಿದ್ನಾ?"

ಮಾರಿದವನು ಹೇಳಿದ್ದರಲ್ಲಿ ಅಪ್ಪ ಕೇಳಿಸಿಕೊಂಡಿದ್ದು ಅರ್ಧ, ಉಳಿದರ್ಧ ಅವರೇ ತುಂಬಿಕೊಂಡಿದ್ದರು.

"ಇದರ ಬದಿ ಇದೆಯಲ್ಲ, ಅದನ್ನ ದಪ್ಪ ರಬ್ಬರ್ ಇಟ್ಟು ಗಟ್ಟಿ ಮಾಡಿರ್ತಾರೆ. ಗಾಳಿ ಹೋದ್ರೆ ಆ ಬದಿನೇ ಕಾರನ್ನ ಹೊರತ್ತೆ. ನಡುರಸ್ತೆಲಿ ನಿಲ್ಲದೆ ಹತ್ತಿರದ ಅಂಗಡಿ ಮುಟ್ಟಲಿ ಅಂತ ಮಾಡಿರೋ ಏರ್ಪಾಡು ಇದು. ಸಾಮಾನ್ಯವಾಗಿ ಎಂಬತ್ತು ಕಿಲೋಮೀಟರ್ ದೂರ, ಅದೂ ಎಂಬತ್ತರ ವೇಗ ಮೀರದೆ. ಭಾರ ಜಾಸ್ತಿ ಇದ್ರೆ ಇನ್ನೂ ಕಮ್ಮಿ. ದೀಪ ಹತ್ತಿದ ಮೇಲೆ ಎಷ್ಟು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದೀರಿ?"

ಅಪ್ಪ ಸಲಾಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಎಲ್ಲಾ ಸಲಾನೂ" ಎಂದರು ಮೆಲ್ಲಗೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವರದು. ಮರುಕ್ಷಣವೇ ದನಿ ಏರಿಸಿದರು. "ಗಾಳಿ ಹೋಗಿದೆ ಅಂತ ಯಾರು ಹೇಳಿದ್ದು? ಟಣ್ ಅಂತು, ಕೇಳಿಸ್ಲಿಲ್ವಾ?"

ಬ್ರೇಕಕ್ಕ ವಾದಕ್ಕೆ ನಿಲ್ಲಲಿಲ್ಲ. ತನ್ನ ಕಾರಿನಿಂದ ಗಾಳಿ ಅಳೆಯುವ ಮೀಟರ್ ತಂದು ಮುಂದಿನ ಟೈರಿಗೆ ಒತ್ತಿದಳು. ಮುಳ್ಳು ಸರಿಯಾದ ಜಾಗಕ್ಕೆ ಏರಿತು. ಹಿಂದಿನ ಎಡಗಡೆಗೆ ಒತ್ತಿದಳು. ಮುಳ್ಳು ಮಿಸುಕಾಡಲಿಲ್ಲ. ಅಪ್ಪ ಮೀಟರ್ ಕಸಿದುಕೊಂಡು ತಾವೇ ಒತ್ತಿ ನೋಡಿದರು, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

"ಗಟ್ಟಿ ಬದಿ ಮಾವ, ಗಾಳಿ ಇಲ್ಲದಿದ್ರೂ ಟಣ್ ಅನ್ನತ್ತೆ. ಚಪ್ಪಟೆ ಆಗಿದ್ದೂ ಕಾಣಲ್ಲ. ಹೊರಗೆ ಥಳುಕು, ಒಳಗೆ ಹುಳುಕು. ಕಣ್ಣಿಗೂ ಕಿವಿಗೂ ಗೊತ್ತಾಗಲ್ಲ ಅಂತಾನೇ ಆ ದೀಪ ಇಟ್ಟಿರೋದು."

ಮಗಳ ಕಣ್ಣ ಮುಂದೆ ಹೆದ್ದಾರಿ, ಲಾರಿಗಳು, ಹಿಂದಿನ ಸೀಟಿನಲ್ಲಿ ಸುಸ್ತಾಗಿ ನಿದ್ದೆ ಹೋದ ಅಮ್ಮ. ಆದರೆ ಈಗ ಹೆದರಿ ಕೂರುವ ಹೊತ್ತಲ್ಲ. "ಅಕ್ಕಾ, ಅಮ್ಮನ್ನ ನೀನು ಬಿಟ್ಟು ಬರ್ತೀಯಾ? ಟೈರಿನ ಕೆಲಸ ನಾನು ಮುಗಿಸ್ತೀನಿ" ಎಂದಳು.

"ಅದನ್ನ ಕೇಳಬೇಕಾ? ಅತ್ತೇ, ಏಳಿ, ನನ್ನ ಶಾಲೆ ಕಾರಲ್ಲಿ ಹೋಗೋಣ."

ಕಲಿಯುವವರ ಕೆಂಪು ಹಲಗೆ ಹೊತ್ತ ಕಾರಿನಲ್ಲಿ ತನ್ನ ಹೆಂಡತಿ! ಅಪ್ಪನ ಮುಖ ಸಣ್ಣಗಾಯಿತು. ಅಮ್ಮ ಮಾತ್ರ ನಕ್ಕರು. "ಈ ವಯಸ್ಸಲ್ಲಿ ನಾನೂ ಡ್ರೈವಿಂಗ್ ಕಲಿತು ಬರ್ತೀನಿ ಬಿಡಿ" ಎಂದು ದಿಂಬು ಎತ್ತಿಕೊಂಡು ಹೊರಟರು. ಬ್ರೇಕಕ್ಕ ಕಿಟಕಿಯಿಂದ ತಲೆ ಹಾಕಿ ಮಗಳಿಗೆ ಕೂಗಿದಳು. "ತೂತಿಗೆ ಹೊರಗಿಂದ ರಬ್ಬರ್ ಬತ್ತಿ ತುರುಕಿಸಿಕೊಂಡು ಬರಬೇಡ. ರಿಮ್ಮಿಂದ ಬಿಚ್ಚಿಸಿ ಒಳಗೆ ನೋಡಿಸು. ಯಾರು ಏನೇ ಅಂದ್ರೂ ಬಿಡಬೇಡ!" ಬೀದಿಯವರೆಲ್ಲ ಕೇಳಿಸಿಕೊಂಡರು.

ಜಾಕಿ ಕೊಟ್ಟು ಕಾರು ಎತ್ತಿ, ಅದರಡಿಗೆ ದಪ್ಪ ಮರದ ದಿಮ್ಮಿ ಆನಿಸಿ, ಅಪ್ಪ ಚಕ್ರ ಬಿಚ್ಚಿದರು. ಕೆಲಸದಲ್ಲಿ ಕೈ ಇನ್ನೂ ಚುರುಕು. ಟೈರಂಗಡಿ ಬೀದಿಯ ಕೊನೆಯಲ್ಲೇ ಇತ್ತು. ಚಕ್ರವನ್ನು ಉರುಳಿಸಿಕೊಂಡು ಹೊರಟರು. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, "ಏನು ಸಾರಥಿಗಳೇ, ಬಸ್ಸು ಎಲ್ಲಿ ಬಿಟ್ಟು ಬಂದ್ರಿ?" ಎಂದ. ಬೇರೆ ದಿನವಾಗಿದ್ದರೆ ಅಪ್ಪ ಅವನಿಗೆ ಸರಿಯಾಗಿ ಕೊಡುತ್ತಿದ್ದರು.

ಟೈರಂಗಡಿಯವನು ಚಕ್ರ ತಿರುಗಿಸಿ ನೋಡಿದ. ನೆಲಕ್ಕೆ ತಾಗುವ ಪಟ್ಟಿಯ ನಟ್ಟನಡುವೆ ಒಂದು ಸಣ್ಣ ಮೊಳೆ ಹೊಕ್ಕಿತ್ತು.

"ಅಯ್ಯೋ, ಇಷ್ಟೇನಾ? ಮೊಳೆ ಕಿತ್ತು ಬತ್ತಿ ಹಾಕ್ತೀನಿ. ಚಹಾ ಕುಡಿಯೋದರೊಳಗೆ ಆಯ್ತು."

ಅಪ್ಪನಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ಯಾ? ಇಷ್ಟಕ್ಕೆ ಊರೆಲ್ಲ ಒಂದು ಮಾಡಿದೆ. ಹಾಕಪ್ಪಾ ಬತ್ತಿ."

ಮಗಳು ಟೈರಿನ ಮೇಲೆ ಕೈ ಊರಿ ನಿಂತಳು. "ಬೇಡ. ಮೊದಲು ಬಿಚ್ಚಿ, ಒಳಗೆ ನೋಡಬೇಕು."

"ಈ ಟೈರು ಬಿಚ್ಚೋದು ಅಂದ್ರೆ ಹೆಣಗಾಟ ಅಮ್ಮಾ" ಎಂದು ಅಂಗಡಿಯವನು ರಾಗ ಎಳೆದ. "ಬದಿ ತುಂಬಾ ಬಿರುಸು. ಮೆಷಿನ್ನಿಗೆ ಹಾಕ್ಬೇಕು."

"ಮೆಷಿನ್ ಇದೆಯಲ್ಲ? ಹಾಕಿ."

"ಮೊಳೆ ಕಣ್ಣಿಗೆ ಕಾಣ್ತಿದೆ, ಇನ್ನೇನು ನೋಡ್ತೀಯೇ?" ಅಪ್ಪ ರೇಗಿದರು. "ಗಾಡಿ ವಿಷಯದಲ್ಲಿ ಹಿರಿಯ ನಾನಾ, ನೀನಾ?"

"ಹಿರಿಯರು ನೀವೇ ಅಪ್ಪ. ಆ ಕಾರಲ್ಲಿ ಕೂರೋಳು ನನ್ನಮ್ಮ. ಬಿಚ್ಚದೆ ನಾನು ಇಲ್ಲಿಂದ ಕದಲಲ್ಲ."

ಟೈರಿನ ಮೇಲಿಂದ ಅವಳ ಕೈ ಕದಲಲಿಲ್ಲ. ಅಂಗಡಿಯವನು ಒಮ್ಮೆ ಅಪ್ಪನ ಮುಖ, ಒಮ್ಮೆ ಮಗಳ ಮುಖ ನೋಡಿ, ಚಕ್ರವನ್ನು ಮೆಷಿನ್ನಿಗೆ ಏರಿಸಿದ. ಬಿರುಸಾದ ಬದಿ ಬಹಳ ಹೊತ್ತು ಸತಾಯಿಸಿತು. ಕೊನೆಗೆ ಟೈರು ರಿಮ್ಮಿನಿಂದ ಕಳಚಿತು. ಕಳಚಿದ್ದೇ ತಡ, ಒಳಗಿನಿಂದ ಕರೀ ಪುಡಿ ಸರ್ರನೆ ನೆಲಕ್ಕೆ ಸುರಿಯಿತು.

ಅಪ್ಪ ಮಂಡಿಯೂರಿ ಟೈರಿನೊಳಗೆ ಕೈ ಹಾಕಿದರು. ಹೊರಗೆ ನುಣ್ಣಗಿದ್ದ ಬದಿ ಒಳಗೆ ಸುತ್ತಲೂ ಸವೆದು ಸುಕ್ಕುಗಟ್ಟಿತ್ತು. ಒಂದು ಕಡೆ ರಬ್ಬರ್ ಹೋಗಿ ಒಳಗಿನ ನೂಲೇ ಬೆರಳಿಗೆ ಸಿಕ್ಕಿತು. ಅವರು ಕೈ ಹೊರಗೆ ತೆಗೆದಾಗ ಅಂಗೈ ಪೂರಾ ಕಪ್ಪಾಗಿತ್ತು.

"ಇದಕ್ಕೆ ಬತ್ತಿ ಹಾಕಿದ್ರೆ ಪಾಪ ನನ್ನ ತಲೆಗೆ ಸುತ್ಕೊಳ್ತಿತ್ತು" ಎಂದ ಅಂಗಡಿಯವನು. "ಗಾಳಿ ತುಂಬಿದ್ರೆ ಚೆನ್ನಾಗಿರೋ ಹಾಗೇ ಕಾಣ್ತಿತ್ತು, ಓಡ್ತಾನೂ ಇತ್ತು. ಆದ್ರೆ ವೇಗದಲ್ಲಿ ಈ ಬದಿ ಒಡೆದ್ರೆ ಸ್ಟೀರಿಂಗ್ ಯಾರ ಮಾತೂ ಕೇಳಲ್ಲ."

"ದೀಪ ಹತ್ತಿದ ದಿನವೇ ತಂದಿದ್ರೆ?" ಅಪ್ಪ ತಲೆ ಎತ್ತದೆ ಕೇಳಿದರು.

"ಆಗ ಬಿಚ್ಚಿ ನೋಡಿ, ಒಳಗೆ ಚೆನ್ನಾಗಿದ್ದು, ರಿಪೇರಿ ಮಾಡಬಹುದು ಅಂತ ಟೈರಿನ ಕಂಪನಿಯವರೂ ಒಪ್ಪಿದ್ರೆ, ಒಳಗಿಂದ ಪ್ಯಾಚ್ ಹಾಕಿ ಕೊಡಬಹುದಿತ್ತು. ಮೊಳೆ ಸಣ್ಣದು, ನಡುಪಟ್ಟಿಲಿದೆ. ಬದಿಗೆ ಹೊಕ್ಕಿದ್ರೆ ಮಾತ್ರ ಆಗಲೂ ಆಗ್ತಿರಲಿಲ್ಲ. ಈಗ ಹೊಸದೇ ಗತಿ."

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಅನ್ನುವುದು ಇದಕ್ಕೇ. ಅಪ್ಪ ಎದ್ದು ನಿಂತು, ಈ ಸಲ ಯಾರೂ ಹೇಳದೆಯೇ, "ಅದೇ ಅಳತೆ, ಅದೇ ಜಾತಿ ರನ್‌ಫ್ಲಾಟೇ ತರಿಸು. ಇದಕ್ಕೊಂದು ಅದಕ್ಕೊಂದು ಬೆರಕೆ ಬೇಡ. ಮಿಕ್ಕ ಮೂರನ್ನೂ ನೋಡು" ಎಂದರು. ಹೊಸ ಟೈರು ಪಟ್ಟಣದಿಂದ ಬಂದು ಕೂತಿತು. ಗಾಳಿ ಸರಿಮಾಡಿ, ಗಾಳಿಯ ಮೇಲೆ ಕಣ್ಣಿಡುವ ಕಾರಿನ ವ್ಯವಸ್ಥೆಯನ್ನು ಮತ್ತೆ ಹೊಂದಿಸಿದ ಮೇಲೆ ಹಳದಿ ದೀಪ ತಾನಾಗಿ ಆರಿತು.

ಅವತ್ತು ಸಂಜೆ ಬ್ರೇಕಕ್ಕ ಅಮ್ಮನನ್ನು ಕೈಹಿಡಿದು ಇಳಿಸಿದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಸೋಪು ಹಾಕಿ ತಿಕ್ಕಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. ಅಮ್ಮ ಕೂರುವುದನ್ನೂ ಕಾಯದೆ ಹೇಳಿಬಿಟ್ಟರು.

"ಸತ್ತ ಟೈರಿನ ಮೇಲೆ ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ ಕಣೇ. ದೀಪ ಹೇಳ್ತಾನೇ ಇತ್ತು. ನಾನೇ ಅದರ ಬಾಯಿ ಮುಚ್ಚಿದೆ."

ಅಮ್ಮ ತೋಳಿನ ಬ್ಯಾಂಡೇಜನ್ನು ಒತ್ತಿಕೊಂಡು ಅವರನ್ನೇ ನೋಡಿದರು. ಸುಸ್ತಾಗಿತ್ತು, ಸಿಟ್ಟಿಗೂ ಶಕ್ತಿಯಿರಲಿಲ್ಲ. "ನನ್ನ ಉಳಿಸೋಕೆ ಆ ಮೆಷಿನ್ನಿಗೆ ಅರ್ಧ ದಿನ ಬೇಕು ರೀ" ಎಂದರು. "ಕಳೆಯೋಕೆ ನಿಮಗೆ ಒಂದು ಗಳಿಗೆ ಸಾಕಾಗ್ತಿತ್ತು."

ಅಪ್ಪ ಅಮ್ಮನ ಚಪ್ಪಲಿ ಎತ್ತಿ ಪಕ್ಕಕ್ಕಿಟ್ಟು, ಒಳಗೆ ಹೋಗಿ ನೀರು ತಂದರು.

ಅಣ್ಣಂದಿರೇ, ಅಕ್ಕಂದಿರೇ, ಈ ಅಪ್ಪ ಕೆಟ್ಟವರಲ್ಲ, ದಡ್ಡರೂ ಅಲ್ಲ. ಅವರ ಅದೃಷ್ಟಕ್ಕೆ, ಬಿಡದೆ ಹಟ ಹಿಡಿದ ಮಗಳಿದ್ದಳು. ನಿಮ್ಮ ಮನೆಯಲ್ಲಿ ಆ ಹಟ ನೀವೇ ಹಿಡಿಯಿರಿ. ನಿಮ್ಮ ಕಾರಿನ ಟೈರು ರನ್‌ಫ್ಲಾಟೋ ಅಲ್ಲವೋ, ಗಾಳಿ ಹೋದರೆ ಅದು ಎಷ್ಟು ದೂರ ಓಡೀತು ಎಂದು ಕಾರಿನ ಜೊತೆ ಬಂದ ಪುಸ್ತಕ ನೋಡಿ ತಿಳಿದುಕೊಳ್ಳಿ. ದೀಪ ಹತ್ತಿದರೆ ವೇಗ ಇಳಿಸಿ, ಗಾಳಿಯನ್ನು ಮೀಟರಿನಿಂದಲೇ ಅಳೆಸಿ, ಹತ್ತಿರದ ಅಂಗಡಿಗೆ ನೇರ ಹೋಗಿ. ಟೈರು ಬಿಚ್ಚಿ ಒಳಗೆ ನೋಡದೆ ರಿಪೇರಿಗೆ ಒಪ್ಪಬೇಡಿ. ಒಳಗೆ ಸವೆದಿದ್ದರೆ ಎರಡು ಮಾತಿಲ್ಲದೆ ಬದಲಿಸಿ. ನಿಮ್ಮನ್ನು ನಂಬಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದವರಿಗೆ ಮೀಟರಿನ ದೀಪ ಕಾಣುವುದಿಲ್ಲ. ಅದು ಕಾಣುವುದು ನಿಮಗೆ ಮಾತ್ರ.